ನೀಲವ್ವ ತೊಳೆದ ಚಿನ್ನ

ಹರಿಯುವ ನೀರು ಕಂಡರೆ ನೀಲವ್ವ ಮೊದಲು ಚಪ್ಪಲಿ ಬಿಡುತ್ತಿದ್ದರು. ಆಮೇಲೆ ದಡದಲ್ಲೇ ನಿಂತು, ಪಕ್ಕದಲ್ಲಿ ಯಾರಿದ್ದರೂ ಸರಿ, "ಇದು ಯಾರದ್ರೀ?" ಅಂತ ಕೇಳುತ್ತಿದ್ದರು. ಜಕ್ಕೂರು ಕೆರೆಯ ಕೋಡಿ ಹತ್ತಿರ ಒಮ್ಮೆ ಹಾಗೆ ಕೇಳಿದಾಗ, ವಾಕಿಂಗ್ ಬಂದಿದ್ದ ಒಬ್ಬರು ಈಯಮ್ಮ ಸೈಟು ಹುಡುಕ್ತಿದ್ದಾರೆ ಅಂದುಕೊಂಡು ಬ್ರೋಕರ್ ನಂಬರ್ ಕೊಟ್ಟು ಹೋದರು.

ಮತ್ತಿಕೆರೆಯ ನಮ್ಮ ಸಣ್ಣ ಕಾಲೇಜಿನಲ್ಲಿ ನೀಲವ್ವ ಲ್ಯಾಬ್ ಅಟೆಂಡರ್. ನಾನು ಆಫೀಸಿನಲ್ಲಿ ಗುಮಾಸ್ತೆ, ಸಿಡುಕಿ ಅಂತ ಹೆಸರು ತಗೊಂಡವಳು. ಅವರದು ಗದಗದ ಕಡೆಯ ಹಳ್ಳಿ, ಜಾಲಗಾರರ ಮನೆ. ಹಳ್ಳದ ಮರಳನ್ನು ಮರಿಗೆಯಲ್ಲಿ, ಅಂದರೆ ದೋಣಿಯ ಹಾಗೆ ಕೊರೆದ ಮರದ ತಟ್ಟೆಯಲ್ಲಿ, ತೊಳೆದು ತೊಳೆದು ಚಿನ್ನದ ಕಣ ತೆಗೆಯೋದು ತಾತ ಮುತ್ತಾತರ ಕಾಲದ ಕಸುಬು. ಆ ಮನೆಯಲ್ಲೊಂದು ರೂಢಿ ಇತ್ತು. ಮಗಳ ತಾಳಿಯ ಗುಂಡಿನಲ್ಲಿ ಹೆತ್ತವರು ಕೈಯಾರೆ ತೊಳೆದ ಚಿನ್ನ ಇರಬೇಕು. ಅಂಗಡಿ ಚಿನ್ನದ ಜೊತೆ ಒಂದೇ ಒಂದು ಕಣ ಸೇರಿಸಿ ಕರಗಿಸಿದರೂ ಆಯಿತು. ನೀಲವ್ವನಿಗೆ ಅವರಪ್ಪ ತೀರಾ ಚಿಕ್ಕಂದಿನಲ್ಲೇ ತೊಳೆದಿಟ್ಟಿದ್ದರು. ಮಗಳು ಗಿರಿಜೆಗೆ ಇವರು ತೊಳೆದುಕೊಡಬೇಕಿತ್ತು. ಆ ಜೀವಕ್ಕೆ ಇದ್ದದ್ದು ಇದೊಂದೇ ಆಸೆ.

ಹಾಗಿದ್ದರೆ ಊರಿಗೆ ಹೋಗಿ ಸುಮ್ಮನೆ ತೊಳ್ಕೊಂಡು ಬರಬಹುದಿತ್ತಲ್ಲ ಅಂತ ನಾನೂ ಕೇಳಿದ್ದೆ. ಆಗಲೇ ಅವರು ತಮ್ಮಪ್ಪನ ವಿಷಯ ಹೇಳಿದ್ದು. ಒಬ್ಬ ಸರ್ಕಾರಿ ಕಾವಲುಗಾರ, ಒಪ್ಪಿಗೆ ಇಲ್ಲದೆ ಚಿನ್ನ ತೊಳೀತಾನೆ ಅಂತ, ಆ ಮನುಷ್ಯನನ್ನು ಹಳ್ಳದಿಂದ ಎಳೆದು ತಂದು, ಊರ ನಡುವೆ ನಿಲ್ಲಿಸಿ ಕಳ್ಳ ಅಂದಿದ್ದನಂತೆ. ಮರಿಗೆಯನ್ನು ಎಲ್ಲರ ಎದುರಿಗೇ ಸೀಳಿದ್ದನಂತೆ. ಅಪ್ಪ ಮತ್ತೆ ಹಳ್ಳಕ್ಕಿಳಿಯಲಿಲ್ಲ, ಚಹಾದಂಗಡಿ ಕಟ್ಟೆಗೂ ಹೋಗಲಿಲ್ಲ. "ಇಳಿದ್ರ ಕಾಯ್ದೆ ಪ್ರಕಾರ ಇಳೀತೀನ್ರೀ ಅಕ್ಕಾರ. ಇಲ್ಲಾಂದ್ರ ಇಲ್ಲ," ಅಂದರು ನೀಲವ್ವ. ಅಷ್ಟೇ. ಆ ಮಾತಿನಿಂದ ಒಂದು ಕೂದಲೆಳೆಯಷ್ಟೂ ಅಲುಗಾಡಲಿಲ್ಲ.

ಜನ ದಸರಾ ರಜೆಗೆ ಮೈಸೂರು, ಊಟಿ ಅಂತಾರೆ. ನೀಲವ್ವ ಚಿನ್ನ ತೊಳೆಯೋಕೆ ಒಪ್ಪಿಗೆ ಸಿಗುವ ಜಾಗ ಹುಡುಕಿಕೊಂಡು ಹೋಗೋರು. ಒಬ್ಬರೇ ಕಚೇರಿ ಕಚೇರಿ ಅಲೆಯೋದು ನೋಡಲಾರದೆ ನಾನೂ ಗಂಟುಬಿದ್ದೆ. ಒಂದು ಕಡೆ, ನೆಲದೊಳಗಿನ ಚಿನ್ನ ಸರ್ಕಾರದ್ದು ಅಂದರು. ಇನ್ನೊಂದು ಕಡೆ, ನಿಮ್ಮ ಕಂಪನಿ ಹೆಸರೇನು ಅಂದರು. ಮತ್ತೊಬ್ಬ ಮಹಾನುಭಾವ ಮೊಬೈಲಿನಿಂದ ತಲೆ ಎತ್ತದೆ, ಸಿಕ್ಕರೆ ನಮಗೂ ಕೊಡಮ್ಮ ಅಂತ ನಕ್ಕ. ನನ್ನ ಮೈಯೆಲ್ಲ ಉರಿದುಹೋಯ್ತು. ತಾಳಿಗೆ ಒಂದು ಕಣ ತೊಳೆಯೋಕೆ ಯಾವ ಅರ್ಜಿ ಹಾಕಬೇಕು ಹೇಳ್ರೀ ಅಂತ ಮೇಜು ಕುಟ್ಟಿ ಕೇಳಿದೆ. ಅಂಥ ಅರ್ಜಿ ಇಲ್ಲವಂತೆ. ಗುಡ್ಡಗಟ್ಟಲೆ ಅಗೆಯೋರಿಗೆ ಅರ್ಜಿ ಇದೆಯಂತೆ, ಮರಿಗೆ ಹಿಡಿದು ಬಂದ ಹೆಂಗಸಿಗೆ ಇಲ್ಲವಂತೆ. ಹೊರಗೆ ಬಂದ ಮೇಲೆ ನೀಲವ್ವ ನನಗೇ ಎಳನೀರು ಕೊಡಿಸಿ, ಅವರ ಕೆಲಸ ಅವರು ಮಾಡ್ತಾರ, ಬಿಡ್ರೀ ಅಂತ ಸಮಾಧಾನ ಹೇಳಿದರು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮಾರನೆಯ ವರ್ಷ ನಾನೇ ಎಡವಟ್ಟು ಮಾಡಿದೆ. ಯಲಹಂಕದಾಚೆ ಒಂದು ರೆಸಾರ್ಟಿನ ಜಾಹೀರಾತು ಫೋನಿನಲ್ಲಿ ಬಂತು: ರಜೆಗೆ ಬನ್ನಿ, ನಿಮ್ಮ ಕೈಯಾರೆ ಚಿನ್ನ ಶೋಧಿಸಿ. ಪರವಾನಗಿ ಪಡೆದ ಜಾಗ ಅಂತ ಬೇರೆ ಬರೆದಿತ್ತು. ಸಿಕ್ಕಿತು ಬಿಡಿ ಅಂತ ನೀಲವ್ವನನ್ನು ಎಳಕೊಂಡು ಹೋದೆ. ಅವರು ತಲೆಗೆ ಸ್ನಾನ ಮಾಡಿ, ಹಳೇ ಇಳಕಲ್ ಸೀರೆ ಉಟ್ಟು, ಅರಿಶಿನ ಕುಂಕುಮ ಹಚ್ಚಿದ ಮರಿಗೆ ತಂದಿದ್ದರು. ನೋಡಿದರೆ ಸಿಮೆಂಟಿನ ತೊಟ್ಟಿ, ಒಳಗೆ ಒಂದಿಷ್ಟು ಮರಳು. ಸುತ್ತ ಮಕ್ಕಳು ಪ್ಲಾಸ್ಟಿಕ್ ತಟ್ಟೆ ಹಿಡಿದು ಕಿರುಚುತ್ತಿದ್ದವು. ನೀಲವ್ವ ಗಂಗಮ್ಮನಿಗೆ ಕೈಮುಗಿದು ಒಂದು ಸುತ್ತು ಮರಿಗೆ ಆಡಿಸಿದರು. ಬಣ್ಣದ ತಗಡಿನ ಪುಡಿ ಮೇಲೆ ತೇಲಿ ಬಂತು. ಚಿನ್ನ ಎಲ್ಲಾದರೂ ತೇಲುತ್ತಾ? ನಾನು ಮ್ಯಾನೇಜರನ್ನು ಹಿಡಿದು ಗ್ರಹಚಾರ ಬಿಡಿಸಿದೆ. ಅವನು ತಣ್ಣಗೆ, ಇದು ಮಕ್ಕಳ ಆಟ ಮೇಡಂ, ಲೈಸೆನ್ಸ್ ಇದೆ ಅಂದ. ಸುಳ್ಳು ಚಿನ್ನಕ್ಕೆ ಲೈಸೆನ್ಸ್ ಸಿಗುತ್ತೆ ಈ ನಾಡಿನಲ್ಲಿ. ನೀಲವ್ವ ಮರಿಗೆಯ ಕುಂಕುಮವನ್ನು ಸೆರಗಿನಿಂದ ಒರೆಸಿಕೊಂಡರು.

ಗಿರಿಜೆಗೆ ಗಂಡು ಗೊತ್ತಾಯಿತು, ಕಾರ್ತೀಕದಲ್ಲಿ ಮದುವೆ. ಅದೇ ಹೊತ್ತಿಗೆ ಊರಿನಿಂದ ಸುದ್ದಿ ಬಂತು: ಹಳ್ಳಕ್ಕೆ ಯಾವುದೋ ಕಂಪನಿಯವರು ಬೇಲಿ ಹಾಕಿದ್ದಾರೆ, ಚಿನ್ನ ಇದೆಯೋ ಇಲ್ಲವೋ ನೋಡೋಕೆ ಪರವಾನಗಿ ತಂದಿದ್ದಾರೆ, ಮರಳು ತೊಳೆಯೋಕೆ ಕೂಲಿ ಹೆಂಗಸರು ಬೇಕಂತೆ. ನೀಲವ್ವನ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. "ಕಾಯ್ದೆ ಪ್ರಕಾರ ಆತಲ್ರೀ ಅಕ್ಕಾರ," ಅಂದರು. ದಸರಾ ರಜೆ ಶುರುವಾದ ದಿನವೇ ಇಬ್ಬರೂ ಯಶವಂತಪುರದಲ್ಲಿ ರೈಲು ಹತ್ತಿದೆವು.

ಅವರು ಹಳ್ಳಕ್ಕಿಳಿದ ರೀತಿಯನ್ನು ಏನಂತ ಹೇಳಲಿ! ಅಪ್ಪನನ್ನು ಎಳೆದು ತಂದ ಅದೇ ಜಾಗ. ಸೀರೆ ಮೇಲೆ ಕಟ್ಟಿ, ಮೊಣಕಾಲವರೆಗೂ ನೀರಿನಲ್ಲಿ ನಿಂತು, ಮರಿಗೆಯನ್ನು ಮಗು ತೂಗಿದ ಹಾಗೆ ತೂಗುತ್ತಿದ್ದರು. ಹಗುರ ಮರಳೆಲ್ಲ ನೀರಿನ ಜೊತೆ ಹೋಗಿ ಕರಿ ಮರಳು ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಆ ಕಪ್ಪಿನ ಅಂಚಿನಲ್ಲಿ ಹಳದಿ ಕಣಗಳು ಕಂಡವು. ನೀಲವ್ವ ನನ್ನನ್ನು ಕೂಗಿ ತೋರಿಸಿದರು.

ಅಷ್ಟರಲ್ಲಿ ಸೂಪರ್‌ವೈಸರ್ ಸಣ್ಣ ಪ್ಲಾಸ್ಟಿಕ್ ಚೀಲ ಹಿಡಿದು ಬಂದ. ಸಿಕ್ಕಿದ್ದೆಲ್ಲ ಪರೀಕ್ಷೆಗೆ ಹೋಗಬೇಕು. ನೀಲವ್ವ ಮಗಳ ಮದುವೆ ವಿಷಯ ಹೇಳಿ ಒಂದು ಕಣ ಕೇಳಿದರು. ಕೂಲಿಯಲ್ಲಿ ಹಿಡಕೊಳ್ಳಿ ಅಂತಲೂ ಅಂದರು. ಅವನು ಕೆಟ್ಟವನೇನಲ್ಲ, ಆದರೆ ಕೊಡೋ ಅಧಿಕಾರ ನನಗಿಲ್ಲಮ್ಮ ಅಂದ. ತೊಳೆಯೋದು ಕಾಯ್ದೆ ಪ್ರಕಾರ, ಇಟ್ಟುಕೊಳ್ಳೋದು ಕಳ್ಳತನ. ಅವನು ಅತ್ತ ತಿರುಗಿದಾಗ ನಾನು ಅವರ ಕಿವಿಯಲ್ಲಿ, ಉಗುರು ಸಂದಿಗೆ ಒಂದು ಕಣ ಒತ್ತಿಕೊಳ್ರೀ ಸಾಕು, ಯಾರಪ್ಪನ ಗಂಟೂ ಹೋಗಲ್ಲ ಅಂದೆ. ನೀಲವ್ವ ಮರಿಗೆಯಲ್ಲಿದ್ದದ್ದನ್ನೆಲ್ಲ ಚೀಲಕ್ಕೆ ಹಾಕಿದರು. ಆಮೇಲೆ ಹತ್ತೂ ಬೆರಳು ಬಿಡಿಸಿ, ಒಂದೊಂದೇ ಉಗುರನ್ನು ಉಜ್ಜಿ ಉಜ್ಜಿ, ಆ ನೀರನ್ನೂ ಅದೇ ಚೀಲಕ್ಕೆ ಬಿಟ್ಟರು.

ವಾಪಸು ರೈಲಿನಲ್ಲಿ ನಾನು ಸಿಟ್ಟಿನಿಂದ ಮೇಲಿನ ಬರ್ತ್ ಹತ್ತಿ ಮಲಗಿಬಿಟ್ಟೆ. ಬಾಗಲಗುಂಟೆಯ ಛತ್ರದಲ್ಲಿ ಗಿರಿಜೆಗೆ ಅಂಗಡಿ ಗುಂಡಿನ ತಾಳಿಯೇ ಬಿತ್ತು. ನೀಲವ್ವ ನಗುನಗುತ್ತಲೇ ಓಡಾಡಿ ಎಲ್ಲರಿಗೂ ಹೋಳಿಗೆ ಬಡಿಸಿದರು. ನನ್ನ ಎಲೆಗೆ ಬಂದಾಗ ತಡೆಯಲಾಗಲಿಲ್ಲ. ಒಂದೇ ಒಂದು ಕಣ ಇಟ್ಟುಕೊಂಡಿದ್ದರೆ ಯಾರಿಗೆ ಗೊತ್ತಾಗ್ತಿತ್ತು ಅಂತ ಕೇಳಿದೆ. ಅವರು ಪಾತ್ರೆ ಕೆಳಗಿಟ್ಟು ಪಕ್ಕದಲ್ಲೇ ಕೂತರು.

"ನಮ್ಮಪ್ಪಗ ಕಳ್ಳ ಅಂದಾಗ ನಾ ಸಣ್ಣಾಕಿ ಇದ್ದೆ, ಸುಮ್ಮ ನಿಂತಿದ್ದೆ. ಅವ ಕಳ್ಳ ಅಲ್ಲ ಅಂತ ಹೇಳಾಕ ನಂಗ ಒಂದ ದಿನ ಸಿಕ್ಕಿತ್ರೀ ಅಕ್ಕಾರ. ಅದನ್ನ ಹೆಂಗ ಕೆಡಿಸ್ಲಿ?"

ನನ್ನ ಸಿಟ್ಟು ಹೋಗಲಿಲ್ಲ, ಈಗಲೂ ಇದೆ. ಮುಂದಿನ ಯುಗಾದಿಗೆ ಊರಿಗೆ ಹೋದ ನೀಲವ್ವ ಅಲ್ಲೇ ತೀರಿಕೊಂಡರು. ಬಾಯಿಗೆ ಚೂರು ಬಂಗಾರ ಇಡಬೇಕು ಅಂತ ಹಿರಿಯರು ಅಂದರಂತೆ. ಮನೆಯಲ್ಲಿ ಇರಲಿಲ್ಲ, ಅಪ್ಪ ತೊಳೆದಿದ್ದ ಗುಂಡು ಮದುವೆ ಸಾಲಕ್ಕೆ ಅಡವಿಗೆ ಹೋಗಿತ್ತಂತೆ. ಬೇಲಿಯಾಚೆ ಹಳ್ಳ ಹರೀತಾ ಇತ್ತು. ಗಿರಿಜೆ ತನ್ನ ತಾಳಿಯಿಂದ ಆ ಅಂಗಡಿ ಗುಂಡನ್ನೇ ಬಿಚ್ಚಿ ಅವ್ವನ ನಾಲಿಗೆ ಮೇಲೆ ಇಟ್ಟಳಂತೆ. ಅದಕ್ಕೆ ಯಾರ ಪರವಾನಗಿಯೂ ಬೇಕಾಗಲಿಲ್ಲ.