ಆಚೆ ದಡಕ್ಕೂ ಕೇಳುವ ಹಾಗೆ

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಮಂಗಳವಾರ, ಇನ್ನೂ ಬೆಳಕು ಹರಿಯುವ ಮೊದಲು, ಯಾರೋ ಬಾಗಿಲು ತಟ್ಟಿದರು. ನಾನು ಕಾಫಿಯ ನೀರಿಗೆ ದಾಲ್ಚಿನ್ನಿ ಮುರಿದು ಹಾಕುತ್ತಿದ್ದೆ. ಕೈ ಒರೆಸಿಕೊಂಡು ಹೋಗಿ ಬಾಗಿಲು ತೆಗೆದರೆ ಹೆರ್ವಾಸಿಯೊ ಲೂನಾ ನಿಂತಿದ್ದ. ಟೋಪಿ ತಲೆಯ ಮೇಲಿರಲಿಲ್ಲ, ಕೈಯಲ್ಲಿತ್ತು.

ನಮ್ಮ ಊರು ವಾದೋ ವಿಯೇಹೊದಲ್ಲಿ ಅಷ್ಟು ಸಾಕು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಯಾರು?"

"ತಿಬುರ್ಸಿಯೊ, ಅಕ್ಕ. ರಾತ್ರಿ, ನಿದ್ದೇಲೇ. ಹಾಲಿಗೆ ಹೋದ ಹುಡುಗ ನೋಡಿ ಬಂದು ಹೇಳ್ದ. ಬಾಧೆ ಏನೂ ಪಟ್ಟ ಹಾಗಿಲ್ವಂತೆ."

ತಿಬುರ್ಸಿಯೊ ನನ್ನ ತಮ್ಮ. ಒಳನಾಡಿನ ಕಡೆ, ಎಲ್ ಒಲ್ಮೋ ಊರಿನ ದಾರಿಯಲ್ಲಿ, ಮೇಕೆ ಸಾಕಿಕೊಂಡು ಒಬ್ಬನೇ ಇದ್ದ. ಹೆರ್ವಾಸಿಯೊ ಒಳಗೆ ಬರಲಿಲ್ಲ, ಜಗಲಿಯ ಮೇಲಿದ್ದ ಕುರ್ಚಿಯನ್ನು ನನ್ನತ್ತ ಎಳೆದುಕೊಟ್ಟ.

"ನೀವು ಕೂತ್ಕೊಳ್ಳಿ. ನೀವು ಕೂತ್ಮೇಲೇ ನಾನು ಮೈಕ್ ಹಾಕೋದು."

ನಾನು ಕುಳಿತೆ. ಅವನು ಟೋಪಿ ಇಟ್ಟುಕೊಂಡು ಹೊರಟ. ಸ್ವಲ್ಪ ಹೊತ್ತಿಗೆ ಬೀದಿಯ ತುದಿಯಿಂದ ಮೂರು ಸಲ ಗಂಟೆಯ ಸದ್ದು ಬಂತು. ಅದರ ಹಿಂದೆಯೇ ಅವನ ದನಿ, ಮೆಲ್ಲಗೆ ಹೋಗುವ ಗಾಡಿಯ ಮೇಲಿಂದ, ಮನೆ ಮನೆಯ ಮುಂದೆ.

ಈ ಊರಿನಲ್ಲಿ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದು ಮರ್ಯಾದೆಯಲ್ಲ. ಫೋನು ಎಲ್ಲರ ಬಳಿಯೂ ಇದೆ. ಮದುವೆ, ಮಗು, ಜಗಳ ಎಲ್ಲಕ್ಕೂ ಫೋನು ಆಗುತ್ತದೆ. ಸತ್ತವರ ಹೆಸರನ್ನು ಮಾತ್ರ ಬಯಲಿನಲ್ಲಿ, ಎಲ್ಲರಿಗೂ ಒಟ್ಟಿಗೆ ಕೇಳುವಂತೆ ಹೇಳಬೇಕು. ಹಾಗೆ ಹೇಳುವವನು ಹೆರ್ವಾಸಿಯೊ. ಊರಿನಲ್ಲಿ ಅವನ ಬಗ್ಗೆ ಯಾರೂ ಎಂದೂ ನಾಲ್ಕು ಮಾತು ಬರೆದಿಲ್ಲ. ತಮ್ಮನ ಒಂಬತ್ತು ದಿನದ ಜಪಮಾಲೆ ಮುಗಿದ ಮೇಲೆ ನಾನೇ ಬರೆಯೋಣವೆಂದು ಅವನ ಮನೆಗೆ ಹೋದೆ.

ಅವನ ಗಾಡಿ ಒಂದು ಹಳೆಯ ಪಿಕಪ್. ಮೇಲೆ ನಾಲ್ಕು ಸ್ಪೀಕರುಗಳು, ನಾಲ್ಕು ದಿಕ್ಕಿಗೆ ಮುಖಮಾಡಿವೆ. ಬಾಗಿಲಿನ ಬಣ್ಣ ಕೆತ್ತಿಹೋದಲ್ಲಿ ಕೆಳಗೊಂದು ಬಣ್ಣ, ಅದರ ಕೆಳಗೆ ಇನ್ನೊಂದು. ನಗರಸಭೆಗೆ ಹೊಸ ಅಧ್ಯಕ್ಷ ಬಂದಾಗಲೆಲ್ಲ ಚೌಕದ ಬೆಂಚು, ಪೊಲೀಸರ ಗೇಟು, ಕಸದ ಡಬ್ಬಿ ಎಲ್ಲವೂ ಅವನ ಪಕ್ಷದ ಬಣ್ಣಕ್ಕೆ ತಿರುಗುತ್ತವೆ. ಹೆರ್ವಾಸಿಯೊನ ಗಾಡಿಯೂ ತಿರುಗಬೇಕು, ಇಲ್ಲದಿದ್ದರೆ ನಗರಸಭೆಯ ಸಾರುವ ಕೆಲಸ ಸಿಗುವುದಿಲ್ಲ.

"ಈ ಗಾಡಿ ಓಡ್ತಾ ಇರೋದು ಪೆಟ್ರೋಲಿಂದಲ್ಲ, ಬಣ್ಣದಿಂದ. ಒಂದು ಪದರ ಕೆರೆದ್ರೆ ಬಾಗಿಲೇ ಉದುರತ್ತೆ" ಎಂದು ಅವನ ಹೆಂಡತಿ ಓತಿಲಿಯಾ ಒಳಗಿನಿಂದಲೇ ಹೇಳುತ್ತಾಳೆ.

ಬೆಳಿಗ್ಗೆ ಎರಡು ಸುತ್ತು, ಸಂಜೆ ಒಂದು. ನಾಳೆ ನೀರು ಬರುವುದಿಲ್ಲ, ನಾಯಿಗಳಿಗೆ ಲಸಿಕೆ ಇದೆ, ಮತಗಟ್ಟೆ ಬದಲಾಗಿದೆ, ಮೇಲಿನ ಕಾಲುವೆಯವರಿಗೆ ಈ ವಾರ ಜೋಳಕ್ಕೆ ನೀರಿನ ಸರದಿ. ಇವು ಸರ್ಕಾರದ ಮಾತು. ನಡುನಡುವೆ ಊರಿನ ಮಾತು: ಬಾಳೆಲೆಯಲ್ಲಿ ಬೇಯಿಸಿದ ಕಡುಬು ಬಂದಿದೆ, ಕಿವಿ ಕತ್ತರಿಸಿದ ಕಪ್ಪು ಹಂದಿಯೊಂದು ತಪ್ಪಿಸಿಕೊಂಡಿದೆ. ಒಂದೇ ದನಿಯಲ್ಲಿ ಹಂದಿಯನ್ನೂ ಚುನಾವಣೆಯನ್ನೂ ಸಾರಿದರೆ ಜನ ನಗುತ್ತಾರೆ ಎಂದು ನಗರಸಭೆಯ ಗುಮಾಸ್ತ ಒಮ್ಮೆ ತಕರಾರು ತೆಗೆದನಂತೆ.

"ನಾನೇನ್ ಮಾಡ್ಲಿ ಸ್ವಾಮಿ, ನನಗಿರೋದು ಒಂದೇ ಗಂಟಲು ಅಂದೆ. ಹಂದಿ ಸಿಕ್ತು. ಅವರ ಅಧ್ಯಕ್ಷರು ಸೋತ್ರು."

ಸಾವಿನ ಸುದ್ದಿಗೆ ಮಾತ್ರ ಬೇರೆ ಕ್ರಮ. ಮೊದಲು ಹತ್ತಿರದವರ ಬಾಗಿಲು ತಟ್ಟಬೇಕು. ಆಮೇಲೆ ಗಂಟೆ. ಆಮೇಲೆ ಬಂಧುಗಳ ಹೆಸರು: ಇಂಥವರ ಮಗ, ಇಂಥವರ ಗಂಡ, ಇಂಥವರ ಅಣ್ಣ. ಸತ್ತವರ ಹೆಸರು ಎಲ್ಲಕ್ಕಿಂತ ಕೊನೆಗೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತುಬಿಡುತ್ತಾರೆ, ಒಲೆಯ ಮೇಲೆ ರೊಟ್ಟಿ ಕರಕಲಾಗುತ್ತದೆ. ಹೆಸರು ಮೊದಲೇ ಹೇಳಿದರೆ ಏನು ಎಂದು ಕೇಳಿದೆ.

"ಹೆಸರು ಮೊದಲೇ ಹೇಳಿದ್ರೆ ಜನ ಅಷ್ಟಕ್ಕೇ ಕಿವಿ ಮುಚ್ಕೋತಾರೆ ಅಕ್ಕ. ಉಳಿದಿರೋರು ಯಾರು ಅಂತ ಮೊದಲು ಕೇಳ್ಲಿ. ಸಮಾಧಾನ ಹೇಳಬೇಕಾದ್ದು ಅವರಿಗಲ್ವಾ."

ಟೋಪಿಯದೂ ಹೀಗೆಯೇ ಬೆಳೆದು ಬಂದ ಕಷ್ಟ. ಸಾವಿನ ಸುದ್ದಿ ತಂದಾಗ ಅವನು ಟೋಪಿ ತೆಗೆಯುವುದರಿಂದ, ಅವನ ಬರಿತಲೆ ಕಂಡರೆ ಹೆಂಗಸರು ಶಿಲುಬೆ ಗುರುತು ಹಾಕಿಕೊಂಡು ಮನೆಯವರನ್ನು ಎಣಿಸುತ್ತಾರೆ. ಅದಕ್ಕೇ ಅವನು ಬೇಸಿಗೆಯ ಉರಿಯಲ್ಲೂ ಟೋಪಿ ತೆಗೆಯುವುದಿಲ್ಲ. ಕ್ಷೌರದವನು ಅವನಿಗಾಗಿ ಪರದೆ ಎಳೆಯುತ್ತಾನೆ. ಗುಡಿಯೊಳಗೆ ಗಂಡಸರು ಟೋಪಿ ಹಾಕುವಂತಿಲ್ಲವಾದ್ದರಿಂದ ಎಷ್ಟೋ ವರ್ಷಗಳಿಂದ ಭಾನುವಾರದ ಪೂಜೆಯನ್ನು ಜಗಲಿಯ ಕಂಬಕ್ಕೆ ಒರಗಿ ಹೊರಗಿನಿಂದಲೇ ಕೇಳುತ್ತಾನೆ.

"ದೇವರಿಗೆ ನನ್ನ ಬೋಳುತಲೆ ಗೊತ್ತು. ಊರಿಗೆ ಗೊತ್ತಾಗೋದು ಬೇಡ."

ಇನ್ನು ನದಿಯ ವಿಷಯ. ಊರಿನ ಕೊನೆಯ ಬೀದಿಯ ಆಚೆ ಮಣ್ಣಿನ ಏರಿ, ಏರಿಯ ಆಚೆ ಜೊಂಡು, ಆಮೇಲೆ ಬ್ರಾವೊ ನದಿ. ಅಲ್ಲಿ ಅದು ಅಗಲವಿಲ್ಲ. ನಮ್ಮ ಅಜ್ಜಿಯರು ಲಂಗ ಎತ್ತಿ ಹಿಡಿದು ದಾಟಿ ಅತ್ತೆಮನೆಗೆ ಹೋದ ನೀರು ಅದು, ಊರಿನ ಹೆಸರೂ ನಡೆದು ದಾಟುವ ಆ ಹಳೆಯ ಹಾಯ್ಗಡದ್ದೇ. ಈಗ ಏರಿಯವರೆಗೆ ನಗರಸಭೆ, ದಡ ರಾಜಧಾನಿಯವರದು, ನೀರು ಎರಡು ದೇಶಗಳ ಸಮಿತಿಯದು, ನಡುನೀರಿನಿಂದಾಚೆ ಅಮೆರಿಕ. ಆಚೆ ದಡದ ಈರುಳ್ಳಿ ಹೊಲಗಳಲ್ಲಿ ಕೆಲಸ ಮಾಡುವವರಲ್ಲಿ ಅರ್ಧಕ್ಕರ್ಧ ನಮ್ಮವರು. ಬಹಳ ಜನ ಕಾಗದಪತ್ರವಿಲ್ಲದೆ ಹೋದವರು. ಮಣ್ಣಿಗೆಂದು ಈಚೆ ಬಂದರೆ ಮರಳಿ ತಮ್ಮ ಮಕ್ಕಳ ಬಳಿಗೆ ಹೋಗಲಾರರು.

ಆದ್ದರಿಂದ ಹೆರ್ವಾಸಿಯೊ ಕೊನೆಯ ಸುತ್ತಿನಲ್ಲಿ ಏರಿ ಹತ್ತುತ್ತಾನೆ. ನಾಲ್ಕು ಸ್ಪೀಕರುಗಳನ್ನೂ ಉತ್ತರಕ್ಕೆ ತಿರುಗಿಸಿ, ಒಂದು ಹಿಡಿ ಮಣ್ಣು ಗಾಳಿಗೆ ಬಿಟ್ಟು ನೋಡಿ, ಹೆಸರುಗಳನ್ನು ಆಚೆಗೆ ಹೇಳುತ್ತಾನೆ. ಕೇಳಿಸಿದರೆ ಆಚೆಯಿಂದ ಯಾರಾದರೂ ಲಾರಿಯ ಹಾರ್ನನ್ನು ಮೂರು ಸಲ ಒತ್ತುತ್ತಾರೆ. ಮಾರನೆಯ ದಿನ ಗುಡಿಯ ಪೂಜೆ ಮುಗಿದ ಮೇಲೆ ಶವಪೆಟ್ಟಿಗೆಯನ್ನು ಏರಿಗೆ ತಂದು ಇಳಿಸುತ್ತಾರೆ. ಆಚೆಯವರು ಹೊಲದಂಚಿಗೆ ಬಂದು ನಿಲ್ಲುತ್ತಾರೆ. ಪಾದ್ರಿಗಳು ಮೈಕಿನಲ್ಲಿ ಜಪ ಹೇಳುತ್ತಾರೆ, ಎರಡು ದಡದಿಂದಲೂ ಉತ್ತರ ಬರುತ್ತದೆ. ಆಮೇಲೆ ಮಣ್ಣು.

ಇದಕ್ಕೆ ಪರವಾನಗಿ ಇದೆಯೇ ಎಂದು ಒಮ್ಮೆ ವಿಚಾರಣೆಯಾಯಿತಂತೆ.

"ಏರಿ ಮೇಲೆ ಕೂಗೋದಕ್ಕೆ ನಾವು ಕೊಡಬಹುದು, ಆದ್ರೆ ಸದ್ದು ನೀರಿನ ಮೇಲೆ ಹೋದ್ಮೇಲೆ ಯಾವ ಕಚೇರಿಗೆ ಬರೀಬೇಕು ಅಂದ ಗುಮಾಸ್ತ. ನಾನಂದೆ, ನೀನು ಬರೆದು ಮುಗಿಸೋದ್ರೊಳಗೆ ಅದು ಆಚೆ ಮುಟ್ಟಿರತ್ತಪ್ಪಾ ಅಂತ."

ತಿಬುರ್ಸಿಯೊನ ಒಬ್ಬಳೇ ಮಗಳು ಆದೆಲೈದಾ ಆಚೆಯಲ್ಲಿದ್ದಾಳೆ. ಹೋದಾಗ ಎಳೆಯ ಹುಡುಗಿ. ಈಗ ಅವಳಿಗೇ ಇಬ್ಬರು ಮಕ್ಕಳು. ಅಪ್ಪ ಮಗಳು ಮುಖಾಮುಖಿ ಕಂಡದ್ದು ಅಂದೇ ಕೊನೆ. ಮಂಗಳವಾರ ಹೆರ್ವಾಸಿಯೊ ಏರಿಯಿಂದ ಕೂಗಿದಾಗ ಮೂರು ಹಾರ್ನ್ ಬಂತು. ಸಂಜೆ ಅವಳೇ ನನಗೆ ಫೋನು ಮಾಡಿದಳು.

"ಅತ್ತೆ, ನಾಳೆ ನಮ್ಮ ಕೆಲಸ ಏರಿ ಎದುರಿನ ಹೊಲದಲ್ಲೇ. ಮೇಸ್ತ್ರಿ ರಜೆ ಕೊಡಲ್ಲ ಅಂದ. ಆದ್ರೆ ಹನ್ನೆರಡಕ್ಕೆ ಊಟಕ್ಕೆ ಬಿಡ್ತಾನಲ್ಲ, ಸರಿಯಾಗಿ ಆ ಹೊತ್ತಿಗೇ ಸಾರಿದಾರೆ. ನಾನು ಬಂದು ನಿಂತ್ಕೋತೀನಿ. ಅಪ್ಪನ ಮುಖ ಅಂತೂ ಕಾಣಲ್ಲ, ಪೆಟ್ಟಿಗೆಯಾದ್ರೂ..."

ಹನ್ನೆರಡು ಎಂದು ಸಾರಿದ್ದರಲ್ಲೇ ತಪ್ಪಿತ್ತು.

ನಮ್ಮ ಗುಡಿಗೆ ಸ್ವಂತ ಪಾದ್ರಿಗಳಿಲ್ಲ. ಫಾದರ್ ಎವಾರಿಸ್ತೊ ಎಲ್ ಒಲ್ಮೋದಿಂದ ಬರುತ್ತಾರೆ. ಮಾರ್ಚಿನಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಸೇತುವೆ, ಶಾಲೆ, ಕಾರ್ಖಾನೆ ಎಲ್ಲ ಅವರೊಂದಿಗೆ ಹೆಣೆದುಕೊಂಡಿರುವುದರಿಂದ ನದಿಯಂಚಿನ ನಮ್ಮ ಊರುಗಳೂ ಮುಂದಿಡಬೇಕೆಂದು ಕಾಯಿದೆ. ಒಳನಾಡಿಗೆ ಆ ಕಾಯಿದೆಯಿಲ್ಲ. ಹಾಗಾಗಿ ನಮ್ಮಲ್ಲಿ ಹನ್ನೊಂದಾದಾಗ ಎಲ್ ಒಲ್ಮೋದಲ್ಲಿ ಹತ್ತೇ. ಪಾದ್ರಿಗಳು ಫೋನಿನಲ್ಲಿ "ಹತ್ತಕ್ಕೆ ಪೂಜೆ" ಎಂದಾಗ ಹೆರ್ವಾಸಿಯೊ ಅದು ಅವರ ಗಂಟೆಯೆಂದು ತಿಳಿದು, ಒಂದು ಸೇರಿಸಿ, ಹನ್ನೊಂದಕ್ಕೆ ಪೂಜೆ, ಹನ್ನೆರಡಕ್ಕೆ ಏರಿ ಎಂದು ಸಾರಿದ. ಪಾದ್ರಿಗಳಾದರೋ ನಮಗೆ ತೊಂದರೆಯಾಗಬಾರದೆಂದು ತಾವೇ ಸೇರಿಸಿ ಹೇಳಿದ್ದರು, ಅಂದರೆ ಪೂಜೆ ನಮ್ಮ ಹತ್ತಕ್ಕೇ.

ಬುಧವಾರ ಬೆಳಿಗ್ಗೆ ಅವರು ಬಂದು ಇಳಿದಾಗ ಗುಡಿಯಲ್ಲಿ ನಾನೂ ಪೆಟ್ಟಿಗೆ ಹೊರುವವರೂ ಮಾತ್ರ ಇದ್ದೆವು.

"ಎಲ್ಲಿ ಜನ?"

"ಇನ್ನೂ ಹೊತ್ತಿದೆಯಲ್ಲ ಸ್ವಾಮಿ" ಎಂದೆ.

ಹೊತ್ತಿರಲಿಲ್ಲ. ಮಧ್ಯಾಹ್ನ ಎಲ್ ಒಲ್ಮೋದಲ್ಲಿ ಇನ್ನೊಂದು ಮಣ್ಣು, ಅದೂ ಒಂದು ಮಗುವಿನದು. ಅವರು ಕಾಯಲಾರರು, ಕಾಯಿರಿ ಎನ್ನಲು ನಮಗೆ ಬಾಯಿಯೂ ಬರಲಿಲ್ಲ. ಪೂಜೆ ಆರಂಭವಾಯಿತು. ಅದು ಮುಗಿದರೆ ಹನ್ನೊಂದಕ್ಕೆ ಪೆಟ್ಟಿಗೆ ಏರಿಯಲ್ಲಿರುತ್ತದೆ. ಆದೆಲೈದಾ ಬರುವುದು ಹನ್ನೆರಡಕ್ಕೆ. ಅವಳ ಫೋನಿಗೆ ಕರೆ ಮಾಡಿದರೆ ಎತ್ತುವವರಿಲ್ಲ. ಕೆಲಸದ ಹೊತ್ತಿನಲ್ಲಿ ಮೇಸ್ತ್ರಿ ಎಲ್ಲರ ಫೋನನ್ನೂ ಡಬ್ಬಿಯಲ್ಲಿ ಹಾಕಿ ಬೀಗ ಹಾಕುತ್ತಾನೆ.

ಪಾದ್ರಿಗಳ ಗಾಡಿ ಕಂಡು ಓಡಿಬಂದ ಹೆಂಗಸರು ಗುಡಿಯ ಬಾಗಿಲಲ್ಲೇ ಗುಜುಗುಜು ಶುರುಮಾಡಿದರು. ಓತಿಲಿಯಾ ಜಗಲಿಯ ಕಂಬದ ಬಳಿ ನಿಂತಿದ್ದ ಗಂಡನ ಮೇಲೆ ಹರಿಹಾಯ್ದಳು.

"ಊರಿಗೆಲ್ಲ ಹೊತ್ತು ಹೇಳೋ ಮನುಷ್ಯ! ಈಗ ನೀನೇ ಹೇಳು. ಪಾದ್ರಿಗಳಿಲ್ದೆ ಮಣ್ಣು ಮಾಡೋದಾ, ಮಗಳಿಲ್ದೆ ಮಣ್ಣು ಮಾಡೋದಾ?"

ಹೆರ್ವಾಸಿಯೊ ಟೋಪಿ ತೆಗೆದು ಓತಿಲಿಯಾಳ ಕೈಯಲ್ಲಿಟ್ಟ. ಬರಿತಲೆಯಲ್ಲೇ ಬೀದಿಯುದ್ದಕ್ಕೂ ಓಡಿಹೋಗಿ ಗಾಡಿ ಹತ್ತಿದ. ನೋಡಿದವರೆಲ್ಲ ಶಿಲುಬೆ ಗುರುತು ಹಾಕಿಕೊಂಡರು.

ಗುಡಿಯೊಳಗೆ ನಮಗೆ ಅವನ ದನಿ ಕೇಳಿಸಿತು. ಏರಿಯಿಂದ ಆಚೆಗೆ ತಿರುಗಿದ್ದರೂ ಇಷ್ಟಿಷ್ಟೇ ಹಿಂದಕ್ಕೂ ಬರುತ್ತಿತ್ತು. ಅಂದು ಗಂಟೆಯಿಲ್ಲ, ಬಂಧುಗಳ ಸಾಲಿಲ್ಲ. ಮೊದಲಿಗೇ ಒಂದು ಹೆಸರು, ಅವನದೇ.

"ನಾನು ಹೆರ್ವಾಸಿಯೊ ಲೂನಾ. ತಪ್ಪು ಹೊತ್ತು ಸಾರಿದೀನಿ. ತಪ್ಪು ನನ್ನದು. ತಿಬುರ್ಸಿಯೊನ ಮಗಳು ಆದೆಲೈದಾ, ಕೇಳಮ್ಮಾ. ನಿಮ್ಮಪ್ಪ ಹನ್ನೆರಡಕ್ಕಲ್ಲ, ಹನ್ನೊಂದಕ್ಕೆ ಏರಿಗೆ ಬರ್ತಾನೆ. ಹನ್ನೊಂದಕ್ಕೆ. ಮೇಸ್ತ್ರಿಯವರೇ, ನಿಮ್ಮ ಹೆಸರು ಗೊತ್ತಿಲ್ಲ. ನಿಮಗೂ ಒಬ್ಬ ಅಪ್ಪ ಇದಾನೆ. ಅವಳನ್ನ ಬಿಡಿ."

ಹಾರ್ನ್ ಬರಲಿಲ್ಲ. ಪಾದ್ರಿಗಳು ಓದುತ್ತಿದ್ದ ಕಡೆ ಬೆರಳಿಟ್ಟು ನಿಲ್ಲಿಸಿದರು. ಅವನು ಮತ್ತೆ ಕೂಗಿದ. ಆಗಲೂ ಹಾರ್ನ್ ಇಲ್ಲ. ಮೂರನೆಯ ಸಲ ಆದೆಲೈದಾ ಎಂಬ ಹೆಸರು ಅರ್ಧಕ್ಕೇ ನಿಂತಿತು.

ಆಗ ಆಚೆಯಿಂದ ಹಾರ್ನ್ ಬಂತು. ಒಂದು. ಎರಡು. ಮೂರು. ಗುಡಿಯೊಳಗಿದ್ದವರು ಪೂಜೆಯ ನಡುವೆಯೇ ಅಳಲಾರಂಭಿಸಿದರು. ಪಾದ್ರಿಗಳು ಬೆರಳಿಟ್ಟಲ್ಲಿಂದ ಓದು ಮುಂದುವರಿಸಿದರು.

ನಾವು ಪೆಟ್ಟಿಗೆ ಹೊತ್ತು ಏರಿ ಹತ್ತಿದಾಗ ಆಚೆ ದಡದಲ್ಲಿ ಅವಳೊಬ್ಬಳೇ ಇರಲಿಲ್ಲ. ಈರುಳ್ಳಿ ಸಾಲುಗಳ ನಡುವಿನಿಂದ ಇಡೀ ತಂಡವೇ ಬಂದು ನಿಂತಿತ್ತು. ಸ್ವಲ್ಪ ಮೇಲಕ್ಕೆ ಗಡಿಕಾವಲಿನ ಗಾಡಿಯೊಂದು ಇಂಜಿನ್ ಆರಿಸಿಕೊಂಡು ನಿಂತಿತ್ತು. ಆದೆಲೈದಾ ಕೂಗಲಿಲ್ಲ. ಬಿಸಿಲಿಗೆ ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು, ನಮಗೆ ಮುಖ ಕಾಣಲೆಂದು. ಆಮೇಲೆ ಮಂಡಿಯೂರಿದಳು. ಪಾದ್ರಿಗಳು ಜಪ ಆರಂಭಿಸಿದರು. ಹೆರ್ವಾಸಿಯೊ ಅವರ ಮುಂದೆ ಮೈಕ್ ಹಿಡಿದು ನಿಂತಿದ್ದ. ಆಚೆಯ ಉತ್ತರ ನೀರಿನ ಮೇಲೆ ಸ್ವಲ್ಪ ತಡವಾಗಿ, ತೆಳುವಾಗಿ ಬಂತು. ಆದರೂ ಬಂತು.

ಆ ದಿನದಿಂದ ಅವನು ಹೊತ್ತನ್ನು ಎರಡೆರಡು ಸಲ ಸಾರುತ್ತಾನೆ, ಗಡಿಯ ಗಂಟೆ ಬೇರೆ, ಒಳನಾಡಿನ ಗಂಟೆ ಬೇರೆ. ಜನ ಗೇಲಿ ಮಾಡುತ್ತಾರೆ. "ಹೆರ್ವಾಸಿಯೊ, ಕಡುಬು ಯಾವ ದೇಶದ ಗಂಟೆಗೆ ಬೇಯತ್ತೆ?" ಎಂದು ಮಾಂಸದಂಗಡಿಯವನು ಕೂಗುತ್ತಾನೆ. "ನಿನ್ನ ಹೊಟ್ಟೆ ಗಂಟೆಗೆ!" ಎಂದು ಇವನು ಮೈಕಿನಲ್ಲೇ ಉತ್ತರ ಕೊಡುತ್ತಾನೆ.

ಅವನ ಮನೆಯಿಂದ ಹೊರಡುವಾಗ ಅವನ ಆಸೆ ಏನೆಂದು ಕೇಳಿದೆ. ಹೊಸ ಸ್ಪೀಕರು ಎನ್ನಬಹುದೆಂದುಕೊಂಡಿದ್ದೆ. ಉತ್ತರ ದಿಕ್ಕಿನದು ತುಕ್ಕು ಹಿಡಿದು ಗೊರಗುಟ್ಟುತ್ತದೆ. ಅವನು ಟೋಪಿಯ ಅಂಚು ಸವರಿಕೊಂಡ.

"ನನ್ನ ತಂಗಿಯೊಬ್ಬಳು ಆಚೆ ಇದಾಳೆ ಅಕ್ಕ. ನನ್ನ ಸರದಿ ಬಂದಾಗ ಯಾರು ಸಾರ್ತಾರೋ ಗೊತ್ತಿಲ್ಲ, ಯಾರಾದ್ರೂ ಸಾರ್ತಾರೆ. ಅವತ್ತು ಗಾಳಿ ದಕ್ಷಿಣದಿಂದ ಬೀಸಲಿ. ಅಷ್ಟೇ."

"ಮಾತಾಡಿದ್ದು ಸಾಕು, ಕಾಫಿ ಆರ್ತಾ ಇದೆ" ಎಂದಳು ಓತಿಲಿಯಾ, ಕಣ್ಣೊರೆಸಿಕೊಂಡು.

ಕರುಣಾಳು ತಂದೆಯೇ, ನಿನ್ನ ದಾಸ ತಿಬುರ್ಸಿಯೊನ ಹೆಸರನ್ನು ಎರಡು ದಡಗಳಿಂದಲೂ ನಿನಗೆ ಒಪ್ಪಿಸಿದ್ದೇವೆ. ಕತ್ತಲಿಗೆ ಮುಂಚೆ ಅವನು ಮೇಕೆಗಳನ್ನು ದೊಡ್ಡಿಗೆ ಸೇರಿಸುತ್ತಿದ್ದ ಹಾಗೆ ನೀನು ಅವನನ್ನು ನಿನ್ನ ಮನೆಗೆ ಸೇರಿಸಿಕೋ. ನಿನ್ನ ಬೆಳಕಿನಲ್ಲಿ ಅವನು ದಣಿವಾರಿಸಿಕೊಳ್ಳಲಿ. ನಡುವೆ ನೀರಿಲ್ಲದ ಆ ನೆಲದಲ್ಲಿ, ನಿನ್ನ ಗಂಟೆ ಹೊಡೆದಾಗ, ಅವನ ಮಗಳನ್ನು ಅವನಿಗೆ ತೋರಿಸು. ಆಮೆನ್.