ಸೀಟು ಬಾರದ ಕಾರು

ಈ ಮರಾಠಿ ಊರಿನ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಪಕ್ಕದ ಮೇಜು ಶಿವಪುತ್ರಪ್ಪನವರದು. ಇಂಡಿ ತಾಲ್ಲೂಕಿನವರು. ಅಷ್ಟು ನಿಧಾನದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಚಹಾ ತಣ್ಣಗಾಗಿ ಕೆನೆ ಕಟ್ಟಿದರೂ 'ಇನ್ನೊಂಚೂರು ಆರ್ಲಿ ತಡೀರಿ' ಎನ್ನುವ ಪೈಕಿ. ಅಂಥವರು ಐವತ್ತೇಳನೇ ವಯಸ್ಸಿಗೆ ಡ್ರೈವಿಂಗ್ ಕಲಿತು, ಎರಡನೇ ಸಲಕ್ಕೆ ಲೈಸೆನ್ಸ್ ಪಡೆದು, ಕಾರು ಬುಕ್ ಮಾಡಿದಾಗ ಅಂಗಡಿಯವರೆಲ್ಲ ನಕ್ಕೆವು.

ಕಾರಣ ಮಾತ್ರ ನಗುವಂಥದ್ದಾಗಿರಲಿಲ್ಲ. ಅವರ ಹೆಂಡತಿ ಪಾರವ್ವನವರಿಗೆ ಬೆನ್ನಿನ ಆಪರೇಷನ್ ಆಗಿತ್ತು. ಬಸ್ಸು, ರೈಲು ಬೇಡವೇ ಬೇಡ ಎಂದಿದ್ದರು ಡಾಕ್ಟರು. ಇಂಡಿಯಲ್ಲಿ ಪಾರವ್ವನವರ ಅಕ್ಕ ಹಾಸಿಗೆ ಹಿಡಿದಿದ್ದರು. ತಾಯಿಯಿಲ್ಲದ ಪಾರವ್ವನನ್ನು ಎತ್ತಿ ಬೆಳೆಸಿದ ಅಕ್ಕ. ಫೋನಿನಲ್ಲಿ ದಿನಾ ಒಂದೇ ಮಾತು: "ಒಮ್ಮೆ ಬಂದು ಮಾರಿ ತೋರ್ಸಿ ಹೋಗವಾ." ಶೋರೂಮಿನಲ್ಲಿ ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿ ಕೂತು ನೋಡಿದ ಪಾರವ್ವ, "ಇದರಾಗ ಹೋಗಬಹುದ್ರಿ" ಎಂದರಂತೆ. ಅವತ್ತೇ ಬುಕ್ ಆಯಿತು.

ಸೆಪ್ಟೆಂಬರಿನಲ್ಲಿ ಶೋರೂಮಿನ ಶರ್ವರಿ ಎಂಬ ಹುಡುಗಿ ಫೋನ್ ಮಾಡಿದಳು. ಕಾರು ಬಂದಿದೆ, ಒಯ್ಯಿರಿ. ಆಗ ಪಿತೃಪಕ್ಷ ಶುರುವಾಗಿ ಮೂರು ದಿನವಾಗಿತ್ತು. ನಮ್ಮ ಯಾರ್ಡಿನ ವ್ಯಾಪಾರಸ್ಥರು ಆ ಹದಿನೈದು ದಿನ ಹೊಸ ಪೊರಕೆಯನ್ನೂ ಕೊಳ್ಳುವುದಿಲ್ಲ.

"ನಮ್ಮ ಮನ್ಯಾಗ ಯಾವಾಗ ಹಿಡದೀವ್ರೀ ಪಕ್ಷ? ಅದು ಈ ಊರವರ ಪದ್ಧತಿ. ನಡೀರಿ, ತರೂಣು" ಎಂದು ಪಾರವ್ವ ಹೇಳಿದರಂತೆ. ಶಿವಪುತ್ರಪ್ಪನವರು ಯಾರ್ಡಿನ ಗಾಳಿ ಕುಡಿದವರು. ನೇರ ನನ್ನ ಹತ್ತಿರ ಬಂದರು.

"ಊರಿಗೆ ಬಂದಾಕಿ ನೀರಿಗೆ ಬರ್ದ ಇರ್ತಾಳೇನ್ರಿ? ದಸರಾಕ್ಕ ತಂದ್ರಾತು. ಏನಂತೀರಿ?"

ನಾನೂ ತಲೆಯಾಡಿಸಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆ ಕಾರು ಸರತಿಯಲ್ಲಿ ಹಿಂದಿದ್ದವರಿಗೆ ಹೋಯಿತು. ದಸರಾದೊಳಗೆ ಇನ್ನೊಂದು ಕೊಡುತ್ತೇನೆಂದಳು ಶರ್ವರಿ.

ಅಮಾವಾಸ್ಯೆಗೆ ಎರಡು ದಿನ ಮೊದಲು ಊರಂಚಿನ ಭೋಸರಿಯಲ್ಲಿ ಆ ಮಾದರಿಯ ಕಾರುಗಳ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ಮುಷ್ಕರ ಶುರುವಾಯಿತು. ದಸರಾ ಹೋಯಿತು. "ನಿಮ್ಮ ಗಾಡಿ ತಯಾರಾಗಿ ನಿಂತಿದೆ ಕಾಕಾ, ಸೀಟು ಒಂದಿಲ್ಲ. ಎಂಟು ದಿನ ತಡೆಯಿರಿ" ಎಂದು ಶರ್ವರಿ ಮರಾಠಿಯಲ್ಲಿ ಹೇಳಿದಳು.

ಆ ಕಾರ್ಖಾನೆಯಲ್ಲಿ ಇಂಡಿ ಕಡೆಯ ಮಾಂತು ಎಂಬವನಿದ್ದ. ಒಂದು ಭಾನುವಾರ ಶಿವಪುತ್ರಪ್ಪನವರು ಅವನನ್ನು ಹುಡುಕಿಕೊಂಡು ಭೋಸರಿಗೆ ಹೋದರು. ಗೇಟಿನ ಮುಂದೆ ತಾಡಪತ್ರಿಯ ಚಪ್ಪರ ಕಟ್ಟಿ ಕೂತಿದ್ದ ಜನರ ನಡುವಿನಿಂದ ಅವನು ಎದ್ದು ಬಂದ.

"ಹದಿನೆಂಟ ಮಂದೀನ್ನ ತಗದಾರ್ರೀ ಕಾಕಾ. ಅವರನ್ನ ಒಳಗ ತಗೊಳ್ಳೂತನಕಾ ನಾವು ಮಿಷನ್ ಮುಟ್ಟಂಗಿಲ್ಲ."

"ಖರೇ ಅದಪಾ" ಎಂದರಂತೆ ಇವರು. "ಎಂದ ಮುಗೀತದ?"

"ನಾಳೆ ಮಾತುಕತಿ ಅದರೀ."

ಅಕ್ಕನ ವಿಷಯ ಅವನೆದುರು ಎತ್ತಲು ಇವರಿಗೆ ಬಾಯಿ ಬರಲಿಲ್ಲ. ವಾರಗಟ್ಟಲೆ ಪಗಾರವಿಲ್ಲದೆ ಕೂತವನಿಗೆ ಏನೆಂದು ಹೇಳುವುದು?

ದೀಪಾವಳಿಯೂ ಹೋಯಿತು. ಬಾಡಿಗೆ ಗಾಡಿ ಮಾಡಿಕೊಂಡು ಹೋಗಿಬರೋಣ ಎಂದು ಪಾರವ್ವ ಎರಡು ಸಲ ಕೇಳಿದರಂತೆ. ನಾನೂ ಹೇಳಿದೆ. "ನಮ್ಮದs ಎಂಟ ದಿನದಾಗ ಬರ್ತದ, ಮಂದಿ ಗಾಡಿ ಯಾಕ್ರೀ?" ಎಂದರು. ಮೊಂಡತನವೆಂದು ಬೈಯಬೇಕೆನಿಸುತ್ತದೆ. ಆದರೆ ಎರಡು ತಿಂಗಳು ಕಾಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಪ್ರತಿ ಸಲವೂ ಎಂಟೇ ದಿನ. ಎಂಟು ದಿನಕ್ಕಾಗಿ ಯಾರು ಬಾಡಿಗೆ ಗಾಡಿ ಮಾಡುತ್ತಾರೆ?

ನವೆಂಬರ್ ಕೊನೆಯ ವಾರ, ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಗೆ ಫೋನ್ ಬಂತು. ಶಿವಪುತ್ರಪ್ಪನವರು ಮಾತಾಡಿ ಇಟ್ಟರು. "ಅಕ್ಕ ಹೋದ್ರಂತ" ಎಂದರು. ಪೆನ್ನಿಗೆ ಮುಚ್ಚಳ ಹಾಕಿ, ಚೀಲ ತೆಗೆದುಕೊಂಡು ಎದ್ದರು. ಬಾಡಿಗೆ ಕಾರಿಗೆ ನಾನೇ ಹೇಳಿದೆ. ಹತ್ತು ನಿಮಿಷದಲ್ಲಿ ಅಂಗಡಿಯೆದುರು ಬಂದು ನಿಂತಿತು.

ಡಿಸೆಂಬರಿನಲ್ಲಿ ಮುಷ್ಕರ ಮುಗಿದು ಕಾರು ಬಂತು. ಶಿವಪುತ್ರಪ್ಪನವರು ಅಂಗಡಿಗೆ ಪೇಢೆ ತಂದರು. ತರದಿದ್ದರೆ ಚೆನ್ನಾಗಿರುವುದಿಲ್ಲವೆಂದು ತಂದದ್ದು. ಮುಖದಲ್ಲಿ ಸಂತೋಷವೂ ಇಲ್ಲ, ದುಃಖವೂ ಇಲ್ಲ. ಎಲ್ಲರಿಗೂ ಹಂಚಿ ಬಂದು ನನ್ನ ಪಕ್ಕ ಕೂತು, ನಾನು ಕೇಳದೆಯೇ ಇಂಡಿಗೆ ಹೋದ ದಿನದ ಮಾತು ತೆಗೆದರು.

"ಬಾಡಿಗಿ ಗಾಡ್ಯಾಗ ಏಳ ತಾಸಿನ ಹಾದಿ. ಸೋಲಾಪುರದಾಗ ಒಮ್ಮೆ ನಿಲ್ಲಿಸಿದ್ವಿ. ಅಕ್ಕನ ಮನಿ ಮುಂದ ಇಳಿಯುವಾಗ ಆಕಿ ಕೈ ಹಿಡೀಲಿಕ್ಕೆ ಹ್ವಾದೆ. ಬ್ಯಾಡ ಅಂದ್ಲು. ತಾನs ಇಳದ್ಲು."

ಪೇಢೆಯ ಖಾಲಿ ಡಬ್ಬಿಗೆ ಮುಚ್ಚಳ ಹಾಕಿದರು.

"'ಬೆನ್ನ ಒಂಚೂರೂ ನೋಯಲಿಲ್ರೀ' ಅಂದ್ಲು. ಅಷ್ಟs ಅಂದು ಒಳಗ ಹ್ವಾದ್ಲು."