ಕಾಕಾ ಖಾಲಿ ಮಾಡಿದ ಫ್ಲಾಪಿ

ನಮ್ಮ ಕಂಪ್ಯೂಟರ್ ಸರ್ ಅಂದು ಪರದೆ ನೋಡಲೇ ಇಲ್ಲ, ಮರೆವಿನ ಮನುಷ್ಯ, ಅದಕ್ಕೇ ಎಲ್ಲ ಹೋಯಿತು ಎಂದು ಹಳೆಯ ಕ್ಲಾಸಿನವರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊನ್ನೆ ಕಪಾಟಿನಲ್ಲಿ ಫ್ಲಾಪಿಯೊಂದು ಸಿಕ್ಕಿತು. ಬೂಷ್ಟು ಹಿಡಿದ ಅದರ ವಾಸನೆಗೆ ಆ ಕೋಣೆಯೇ ಕಣ್ಣೆದುರು ಬಂತು...

ಎಂಬತ್ತರ ದಶಕದ ಕೊನೆ. ಬೆಳಗಾವಿಯ ಮಹಡಿಯೊಂದರ ಮೇಲೆ ಮೂರು ಯಂತ್ರಗಳ ಕ್ಲಾಸು, ಚಪ್ಪಲಿ ಹೊರಗೆ. ಹೊಸಬರಿಗೆ ಸರ್ ಇಟ್ಟ ನಿಯಮ ಒಂದೇ: ಫ್ಲಾಪಿಯಿಂದ ಪ್ರೋಗ್ರಾಮನ್ನು ಯಂತ್ರಕ್ಕೆ ನೀವೇ ಹಾಕಬೇಕು, ನೀವೇ ಅಳಿಸಿ ತೆಗೆಯಬೇಕು, ಅವರು ಕೀಲಿಮಣೆ ಮುಟ್ಟುವುದಿಲ್ಲ. ಅಭ್ಯಾಸಕ್ಕೆ ಕೊಡುತ್ತಿದ್ದುದು ಅವರೇ ಎರಡು ವರ್ಷ ಕೂತು ಬರೆದ, ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿಸುವ ಪ್ರೋಗ್ರಾಮು. ಅದರ ಇನ್ನೊಂದು ಪ್ರತಿ ಆ ಮಳೆಗಾಲದಲ್ಲಿ ಕೆಟ್ಟುಹೋಗಿ, ಉಳಿದದ್ದು ಆ ಫ್ಲಾಪಿಯಲ್ಲಿದ್ದುದೊಂದೇ.

ಖಾನಾಪುರದ ಕಟ್ಟಿಗೆ ಡಿಪೋದಿಂದ ಐವತ್ತು ದಾಟಿದ ಗುಮಾಸ್ತರೊಬ್ಬರು ಬರುತ್ತಿದ್ದರು. ಕಂಪ್ಯೂಟರ್ ಕಲಿಯದಿದ್ದರೆ ಕೆಲಸವಿಲ್ಲ ಎಂದು ಮಾಲೀಕರು ಖಡಾಖಂಡಿತ ಹೇಳಿದ್ದರು. ಹಾಕುವುದನ್ನು ಬೇಗ ಕಲಿತರು. ತೆಗೆಯುವಾಗ ಮಾತ್ರ ಎರಡು ವಾರ ಅವರ ಬೆರಳು ಕೀಲಿಯ ತನಕ ಹೋಗಿ ಹಿಂದೆ ಬರುತ್ತಿತ್ತು.

"ಏನರ ಹಾಳಾದ್ರ, ಸರ?"

"ಹಾಳಾದ್ರ ಮತ್ತ ಹಾಕೂಣು, ಕಾಕಾ. ನಿಮ್ಮ ಡಿಪೋದ ಕಟ್ಟಿಗಿ ಅಲ್ಲ ಇದು, ಸುಟ್ಟು ಬೂದಿ ಆಗಾಕ."

ಅಂದು ಕಾಕಾ ಅಂತೂ ಯಂತ್ರದಿಂದ ಪ್ರೋಗ್ರಾಮು ತೆಗೆದರು. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಮಾಲು ಇಳಿಸಿದ ಮೇಲೆ ಲಾರಿಯನ್ನೂ ಗುಡಿಸಿ ಕಳಿಸುವ ಡಿಪೋದ ರೂಢಿ ಅವರದು. ಫ್ಲಾಪಿಯನ್ನೂ ಖಾಲಿ ಮಾಡು ಎಂದು ಟೈಪು ಮಾಡಿದರು. ಖಾತ್ರಿಯೇ ಎಂದು ಯಂತ್ರ ಕೇಳಿತು.

"ಒತ್ತಲೇನ್ರೀ, ಸರ?"

ಸರ್ ಅವರ ಬೆನ್ನ ಹಿಂದೆಯೇ ಇದ್ದರು. ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಗ್ಗಿದ್ದನ್ನು ಪಕ್ಕದ ಯಂತ್ರದಿಂದ ನಾನೇ ನೋಡಿದೆ. ಆಮೇಲೆ ಕೀಲಿಮಣೆಯತ್ತ ನೋಡಿದರು. ಕಾಕಾ ಅವರ ಬೆರಳು ಆ ಸಲ ಹಿಂದೆ ಬಂದಿರಲಿಲ್ಲ, ಕೀಲಿಯ ಮೇಲೇ ಇತ್ತು.

"ಒತ್ರಿ."

ಕಾಕಾ ಎದ್ದು ನಿಂತು, "ಪೂರಾ ಸಾಫ್ ಮಾಡೇನ್ರಿ," ಎಂದರು.

"ನಿಮ್ಮಷ್ಟು ಸಾಫ್ ಇಲ್ಲೀತನಕ ಯಾರೂ ಮಾಡಿಲ್ಲ ಬಿಡ್ರಿ," ಎಂದ ಸರ್ ಕಿಟಕಿಯ ಹತ್ತಿರ ಹೋಗಿ, ಸ್ವಲ್ಪ ಹೊತ್ತು ನಮಗೆ ಬೆನ್ನು ಮಾಡಿ ನಿಂತರು...

ಕಾಕಾ ನಿವೃತ್ತಿಯವರೆಗೂ ಡಿಪೋದ ಕಂಪ್ಯೂಟರ್ ಮುಂದೆ ಕೂತರು. ಸರ್ ಆ ಪ್ರೋಗ್ರಾಮನ್ನು ಮತ್ತೆ ಬರೆಯಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಕ್ಲಾಸಿನಲ್ಲಿ ಪ್ರತಿಯೊಂದಕ್ಕೂ ಅವರೊಡನೆ ವಾದಕ್ಕಿಳಿಯುತ್ತಿದ್ದ ನಾನು ಇದೊಂದನ್ನು ಮಾತ್ರ ಕೇಳದೆ ಬಿಟ್ಟೆ. ಸರ್, ಒತ್ರಿ ಅನ್ನುವ ಮೊದಲು ಪರದೆಯ ಮೇಲಿದ್ದುದನ್ನು ನೀವು ಓದಿದ್ದಿರಲ್ಲವೇ?